ಸಹಾಯ ಬೇಕು: ಹಳೇ ಬೆಂಜ್ ಸ್ಪ್ರಿಂಗ್ ಬಿಚ್ಚುವ ಟೂಲ್ ಯಾರ ಹತ್ತಿರ ಇದೆ?

ನಮಸ್ಕಾರ. ಮಂಡ್ಯದವನು. ನನ್ನದು 1996ರ ಬೆಂಜ್ ಇ220 ಕಾರು, ಡಬ್ಲ್ಯು124 ಅನ್ನುವ ಹಳೇ ಮಾಡೆಲ್. ಇಂಜಿನ್ ಸೀಜ್ ಆಗಿ ಎರಡು ವರ್ಷ ಶೆಡ್‌ನಲ್ಲೇ ನಿಂತಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಗುಜರಿಯಿಂದ ಅದೇ 2.2 ಲೀಟರ್ ಪೆಟ್ರೋಲ್ ಇಂಜಿನ್ ತಂದು, ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಿ ನಾನೇ ಕೂರಿಸಿದೆ. ಸ್ಟಾರ್ಟ್ ಆಯಿತು!

ಈಗ ತೊಂದರೆ ಸಸ್ಪೆನ್ಷನ್‌ದು. ಹಂಪ್ ಇಳಿದರೆ ಮುಂದೆ ಎಡಗಡೆ ಕಟಕಟ ಸದ್ದು. ಸಲಾಕೆ ಹಾಕಿ ಮೀಟಿ ನೋಡಿದೆ, ಲೋವರ್ ಆರ್ಮ್ (ಚಕ್ರ ಹಿಡಿದಿರುವ ಕೆಳಗಿನ ತೋಳು) ಕೀಲಿನಲ್ಲಿರುವ ಬುಷ್‌ನ ರಬ್ಬರ್ ಹರಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದೆ. ಆರ್ಮ್ ಬಿಚ್ಚಬೇಕಾದರೆ ಮೊದಲು ಸ್ಪ್ರಿಂಗ್ ತೆಗೆಯಬೇಕು. ಇದರಲ್ಲಿ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಸುತ್ತ ಇಲ್ಲ, ಬೇರೆಯಾಗಿ ಆರ್ಮ್ ಮೇಲೆ ಕೂತಿದೆ. ಸ್ಪ್ರಿಂಗ್ ಅದುಮಿ ಹಿಡಿಯುವ ಟೂಲ್‌ನಲ್ಲಿ (ಕಂಪ್ರೆಸರ್) ಹೊರಗಿನಿಂದ ಕೊಕ್ಕೆ ಹಾಕುವಂಥದ್ದು ಆಗಲ್ಲ, ಒಳಗೆ ತೂರಿಸುವ ಪ್ಲೇಟಿನದೇ ಬೇಕು. ಒಬ್ಬ ಮೆಕ್ಯಾನಿಕ್ "ಸುಮ್ನೆ ಜ್ಯಾಕ್ ಕೊಟ್ಟು ಇಳಿಸಿಬಿಡೋಣ ಸಾರ್" ಅಂದರು. ಸ್ಪ್ರಿಂಗ್ ಹಾರಿದರೆ ಮೂತಿ ಉಳಿಯುತ್ತಾ? ಬೇಡ ಅಂದೆ.

ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು ಕಡೆ ಯಾರ ಹತ್ತಿರವಾದರೂ ಇದ್ದರೆ ಎರಡು ದಿನಕ್ಕೆ ಬಾಡಿಗೆಗೆ ಕೊಡಿ. ಅಡ್ವಾನ್ಸ್ ಕೊಡುತ್ತೇನೆ. ಹಾಗೇ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಸೇರಿಸಲು ಆರ್‌ಟಿಒದಲ್ಲಿ ಏನೇನು ಕಾಗದ ಕೇಳಿದರು, ಇತ್ತೀಚೆಗೆ ಮಾಡಿಸಿದವರು ಹೇಳಿ. ಗಾಡಿ ಮಾರಿಬಿಡು ಅನ್ನುವ ಸಲಹೆ ಮಾತ್ರ ಬೇಡ, ಅದು ಮನೆಯಲ್ಲೇ ಜಾಸ್ತಿ ಸಿಗುತ್ತಿದೆ.