ಅಪ್‌ಡೇಟ್: ಪುಟ್ಟ ಕುದುರೆಯ ಹಾಲ್ಟರ್ ಕಥೆ

ಹೆಸರಘಟ್ಟದಲ್ಲಿರುವ ನಮ್ಮ 32 ಇಂಚು ಎತ್ತರದ ಮಿನಿಯೇಚರ್ ಕುದುರೆಗೆ ಮರಿ ಕುದುರೆಯ ಹಾಲ್ಟರ್ (ಹಿಡಿದು ನಡೆಸಲು ತಲೆಗೆ ಹಾಕುವ ಪಟ್ಟಿ) ಆಗುತ್ತದಾ ಅಂತ ಕೇಳಿದ್ದೆನಲ್ಲ, ಆಗಲಿಲ್ಲ. ಮೂಗಿನ ಹತ್ತಿರ ಸರಿಯಾಗಿ ಕೂತಿತು, ಆದರೆ ಇವನ ದವಡೆ ಅಗಲ, ಗಂಟಲಪಟ್ಟಿ ಬಿಗಿದು ಹುಲ್ಲು ಅಗಿಯುವಾಗೆಲ್ಲ ತಲೆ ಕೊಡವುತ್ತಿದ್ದ. ಆಮೇಲೆ ನೀವು ಹೇಳಿದ ಹಾಗೆ ಟೇಪ್ ಹಿಡಿದು ಮೂತಿಯ ಸುತ್ತಳತೆ, ಬಾಯಿಯ ಒಂದು ಮೂಲೆಯಿಂದ ಕಿವಿ ಹಿಂದೆ ಹಾದು ಇನ್ನೊಂದು ಮೂಲೆಯವರೆಗಿನ ಅಳತೆ ಎರಡೂ ಬರೆದುಕೊಂಡು, ಶಿವಾಜಿನಗರದಲ್ಲಿ ಚರ್ಮದ ಕೆಲಸ ಮಾಡುವವರೊಬ್ಬರ ಹತ್ತಿರ ಹೊಲಿಸಿದೆ. "ನಾಯಿಗಾ ಸಾರ್?" ಅಂದರು! ಈಗ ಮೂಗುಪಟ್ಟಿ ಕೆನ್ನೆಮೂಳೆಯಿಂದ ಎರಡು ಬೆರಳು ಕೆಳಗೆ ನಿಲ್ಲುತ್ತದೆ, ಒಳಗೂ ಎರಡು ಬೆರಳು ಆರಾಮಾಗಿ ಹೋಗುತ್ತವೆ. ಬಕಲ್ ಎರಡೂ ಕಡೆ ಇದೆ, ಅದೇ ಜಾಸ್ತಿ ಉಪಯೋಗ. ಗಾಡಿ ಎಳೆಯಲು ಎದೆಗೆ ಅಡ್ಡ ಕಟ್ಟುವ ಎದೆಪಟ್ಟಿ ಇನ್ನೂ ಕೊಂಡಿಲ್ಲ. ಅದು ಉಸಿರುನಾಳ ಒತ್ತಬಾರದು, ಭುಜದ ಮೂಳೆಯ ತುದಿಗಿಂತ ಕೆಳಗೂ ಜಾರಬಾರದು, ಅಲ್ವಾ?