ಸಹಾಯ ಬೇಕು: ‘ಇಂಬ್ರಿಕೇಟ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಗುಂಪಿನ ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಕಾಫಿ ತೋಟದ ಕೂಲಿಯ ಬಗೆಗಿನ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಾತಿ ಮತ್ತು ಕೂಲಿ ‘ಇಂಬ್ರಿಕೇಟೆಡ್’ ಆಗಿವೆ ಎಂಬ ವಾಕ್ಯದ ಮುಂದೆ ಎರಡು ದಿನದಿಂದ ಕುಳಿತಿದ್ದೇನೆ.

ನಿಘಂಟು ನೋಡಿ ಖುಷಿಯೇನೋ ಆಯಿತು: ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸುವುದು ಎಂದು ಅರ್ಥ. ಮೂಲ ಲ್ಯಾಟಿನ್ನಿನ ‘ಇಂಬ್ರೆಕ್ಸ್’, ಅಂದರೆ ಹೆಂಚು. ಅದರ ಹಿಂದೆ ‘ಇಂಬರ್’, ಅಂದರೆ ಮಳೆ. ರೋಮನ್ನರು ಚಪ್ಪಟೆ ಹೆಂಚುಗಳ ಸಂದಿಯ ಮೇಲೆ ಬೋರಲು ಹಾಕುತ್ತಿದ್ದ ಅರೆಗೊಳವೆಯಂಥ ಹೆಂಚು ಅದು. ಮೂಡಿಗೆರೆಯ ಅಜ್ಜಿಮನೆಯ ನಾಡಹೆಂಚು ಕಣ್ಣ ಮುಂದೆ ಬಂತು. ಒಂದರ ಅಂಚು ಇನ್ನೊಂದನ್ನು ಹೊದ್ದಿರುತ್ತದೆ; ನಡುವಿನದೊಂದು ಜಾರಿದರೆ ಮಳೆ ಮನೆಯೊಳಗೆ. ಮೀನಿನ ಹುರುಪೆಗೂ ಮೊಗ್ಗಿನ ದಳಗಳಿಗೂ ಇದೇ ಪದ ಬಳಸುತ್ತಾರಂತೆ.

ಆದರೆ ಕನ್ನಡ? ‘ಹೆಣೆದುಕೊಂಡಿವೆ’ ಎಂದರೆ ಬುಟ್ಟಿ ನೆನಪಾಗುತ್ತದೆ, ಹೆಂಚು ಮಾಯ. ‘ತಳುಕು ಹಾಕಿಕೊಂಡಿವೆ’ ಎಂದರೆ ಹಗ್ಗ ಸಿಕ್ಕಾದಂತೆ. ‘ಅತಿವ್ಯಾಪಿಸಿವೆ’ ಎಂದು ಅಮ್ಮನಿಗೆ ಓದಿ ಹೇಳಿದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು.

ಇನ್ನೊಂದು ಗೊಂದಲ ಬಳಕೆಯದು. ನಾನು ಓದಿದ ಕಡೆಯೆಲ್ಲ ಇದು ಕರ್ಮಣಿಯಲ್ಲೇ ಇದೆ. ‘ಲೇಖಕರು ಎರಡು ವಿಚಾರಗಳನ್ನು ಇಂಬ್ರಿಕೇಟ್ ಮಾಡುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಕರ್ತರಿಯಲ್ಲಿ ಬರೆದರೆ ಸಹಜವೆನಿಸುತ್ತದೆಯೇ? ಸರಳವಾಗಿ ಓವರ್‌ಲ್ಯಾಪ್ ಎಂದಿದ್ದರೆ ಏನು ಕಳೆದುಹೋಗುತ್ತಿತ್ತು?

ಸದ್ಯಕ್ಕೆ ‘ಒಂದರ ಅಂಚನ್ನೊಂದು ಹೊದ್ದುಕೊಂಡಿವೆ’ ಎಂದು ಬರೆದಿಟ್ಟಿದ್ದೇನೆ. ಅತಿಯಾಯಿತೇ? ಹೆಂಚು ಹೊದಿಸುವವರು ಆ ಮೇಲುಹೊದಿಕೆಗೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ, ಭಾನುವಾರದೊಳಗೆ ಕರಡು ಒಪ್ಪಿಸಬೇಕು.