ಅಕ್ಕನ ಹಾರ್ಟ್ ವಾಲ್ವಿಗೆ ಬಲೂನ್ ಮಾಡಬೇಕಂತೆ, ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಮಲೆನಾಡ ಹುಡುಗ:
ಅಕ್ಕನಿಗೆ 34 ವಯಸ್ಸು. ಒಂದು ವರ್ಷದಿಂದ ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು ಬಂದು ಎದ್ದು ಕೂರುತ್ತಾಳೆ. ನಾವು ಆಸ್ತಮಾ ಅಂದುಕೊಂಡು ಸುಮ್ನೆ ಇನ್‌ಹೇಲರ್ ಕೊಡಿಸುತ್ತಿದ್ದೆವು. ಹೋದ ವಾರ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಮೈಟ್ರಲ್ ವಾಲ್ವ್ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಕವಾಟ) ಕಿರಿದಾಗಿ 0.9 ಚದರ ಸೆಂ.ಮೀ.ಗೆ ಬಂದಿದೆ ಅಂದರು. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತು, ಅದರಿಂದಲೇ ಅಂತೆ. ಎದೆ ಕೊಯ್ಯುತ್ತಾರಾ? ಬಲೂನ್ ಒಳಗೇ ಇರುತ್ತದಾ? ಅಮ್ಮ ಮಾತ್ರೆಯಲ್ಲೇ ನೋಡೋಣ ಅಂತ ಹಟ ಹಿಡಿದಿದ್ದಾರೆ.

ಕ್ಯಾತ್‌ಲ್ಯಾಬ್ ಸಿಸ್ಟರ್:
ಎದೆ ಕೊಯ್ಯುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ಟ್ಯೂಬ್ ಬಿಟ್ಟು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯನ್ನು ಸೂಜಿಯಿಂದ ದಾಟಿ ಎಡಗಡೆಗೆ ಹೋಗುತ್ತಾರೆ. ವಾಲ್ವಿನ ಬಾಯಲ್ಲಿ ಬಲೂನ್ ಕೆಲವೇ ಸೆಕೆಂಡು ಉಬ್ಬುತ್ತದೆ, ಡಮರುಗದ ಹಾಗೆ ನಡು ಸಣ್ಣಗಿರುವುದರಿಂದ ಜಾರುವುದಿಲ್ಲ, ಅಂಟಿಕೊಂಡ ವಾಲ್ವಿನ ಎಸಳುಗಳು ಬಿಡಿಸಿಕೊಂಡ ಮೇಲೆ ಹೊರಗೆ ತೆಗೆದುಬಿಡುತ್ತಾರೆ. ಸ್ಟೆಂಟ್ ತರಹ ಏನೂ ಒಳಗೆ ಉಳಿಯುವುದಿಲ್ಲ. ಜಪಾನಿನ ಡಾ. ಕಾಂಜಿ ಇನೌಯೆ 1982ರಲ್ಲಿ ಮೊದಲು ಮಾಡಿದ್ದು ಇದು.

ಸರಿಯಾದ ವಾಲ್ವ್ 4ರಿಂದ 6 ಚದರ ಸೆಂ.ಮೀ. ಇರುತ್ತದೆ. 0.9 ಅಂದರೆ ತುಂಬಾ ಕಡಿಮೆ. ಮಾತ್ರೆ ಉಸಿರಾಟ ಸ್ವಲ್ಪ ಹಗುರ ಮಾಡಬಹುದು, ಅಂಟಿದ ಎಸಳು ಬಿಡಿಸಲಾರದು, ಇದನ್ನು ಅಮ್ಮನಿಗೆ ಹೇಳಿ. ಆದರೆ ಎಲ್ಲರಿಗೂ ಬಲೂನ್ ಆಗುವುದಿಲ್ಲ. ವಾಲ್ವ್ ಸುಣ್ಣಗಟ್ಟಿ ಗಟ್ಟಿಯಾಗಿದ್ದರೆ ಅಥವಾ ಲೀಕ್ ಜಾಸ್ತಿ ಇದ್ದರೆ ಆಪರೇಷನ್ನೇ ಬೇಕಾಗಬಹುದು. ಒಳಗೆ ರಕ್ತ ಹೆಪ್ಪುಗಟ್ಟಿದೆಯಾ ಅಂತ ಬಾಯಿಂದ ಪೈಪ್ ಇಳಿಸಿ ಇನ್ನೊಂದು ಎಕೋ ಮಾಡುತ್ತಾರೆ, ಅದಕ್ಕೆ ಹೆದರಬೇಡಿ. ಅಪರೂಪಕ್ಕೆ ಎಸಳು ಹರಿದು ತುರ್ತು ಆಪರೇಷನ್ ಬೇಕಾಗುತ್ತದೆ, ಅದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬರುತ್ತದೆ.

ತುಮಕೂರಿನ ಅಮ್ಮ:
ತಮ್ಮಾ, ನನಗೆ 2009ರಲ್ಲಿ ಬೆಂಗಳೂರಿನ ಜಯದೇವದಲ್ಲಿ ಮಾಡಿದರು. ಆಗ ಆರು ತಿಂಗಳ ಬಸುರಿ, ಹೊಟ್ಟೆಗೆ ಸೀಸದ ಹೊದಿಕೆ ಕಟ್ಟಿದ್ದರು. ತೊಡೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಎಚ್ಚರವಾಗೇ ಇದ್ದೆ. ಎಷ್ಟೋ ವಾರ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದವಳು, ಅವತ್ತು ಒಂದೇ ದಿಂಬಿನಲ್ಲಿ ಮಲಗಿ ಬೆಳಗಿನವರೆಗೆ ನಿದ್ದೆ ಮಾಡಿದೆ. ಮಗಳಿಗೆ ಈಗ ಕಾಲೇಜು.

ಆಮೇಲೆ ಮಾಡಿದ ತಪ್ಪನ್ನೂ ಹೇಳುತ್ತೇನೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ತಗೊಳ್ಳಿ ಅಂದಿದ್ದರು. ಊರಿನ ಕ್ಲಿನಿಕ್ಕಿನವರು ರಿಯಾಕ್ಷನ್ ಆದರೆ ಅಂತ ಚುಚ್ಚಲು ಹಿಂದೆಮುಂದೆ ನೋಡಿದರು, ನನಗೂ ಆ ನೋವು ಸಾಕಾಗಿತ್ತು, ಎರಡು ವರ್ಷ ಬಿಟ್ಟೆ. ಮತ್ತೆ ಕೀಲು ಊದಿತು, ಜ್ವರ ಬಂತು, ವಾಲ್ವ್ ಮತ್ತೆ ಕಿರಿದಾಗಿ ಎರಡನೇ ಸಲ ಬಲೂನ್ ಆಯಿತು. ಬಲೂನ್ ದಾರಿ ಬಿಡಿಸುತ್ತದೆ ಅಷ್ಟೇ, ಆ ಜ್ವರ ಮತ್ತೆ ಬರದ ಹಾಗೆ ತಡೆಯುವುದು ಇಂಜೆಕ್ಷನ್. ನಿಮ್ಮ ಅಕ್ಕನಿಗೆ ಶುರು ಮಾಡಿದ್ದಾರಾ?

ಮಲೆನಾಡ ಹುಡುಗ:
ಇಲ್ಲ ಅಕ್ಕಾ, ಯಾರೂ ಹೇಳಿರಲೇ ಇಲ್ಲ. ನೀವು ಬರೆದದ್ದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ, ಒಂದೇ ದಿಂಬು ಅಂದಾಗ ಅತ್ತುಬಿಟ್ಟರು. ಸೋಮವಾರ ಪೈಪಿನ ಎಕೋ ಇದೆ, ಇಂಜೆಕ್ಷನ್ ವಿಷಯ ಅವತ್ತೇ ಕೇಳುತ್ತೇನೆ.